ಋಷಿಮೂಲ ಬಿಡು, ಮೀನಿನ ಮೂಲ ಕೇಳು

ಮಗಳೇ, ಪುಣೆಯಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತು, ಜೀಬ್ರಾಮೀನಿನ ಮೇಲೆ ಆತಂಕದ ಔಷಧಗಳ ಪರೀಕ್ಷೆ ಮಾಡುವ ಕೆಲಸ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಧಾರವಾಡ ಬಿಡುವ ಮೊದಲು ಮಾಮಾ ನಾಲ್ಕು ಮಾತು ಬರೆದುಕೊಡಲಿ ಅಂದೆಯಂತೆ. ಪುಣೆಯ ಫಾರ್ಮಸಿ ಕಾಲೇಜುಗಳಲ್ಲಿ ಮೊದಲು ಇಲಿ, ಆಮೇಲೆ ಮೀನು ಹಿಡಿದುಕೊಂಡು ಪಾಠ ಹೇಳುತ್ತಲೇ ನನ್ನ ತಲೆ ನರೆತದ್ದು. ರೂಮು ಎಲ್ಲಿ ಹಿಡಿಯಬೇಕು, ಯಾವ ಮೆಸ್ಸಿನಲ್ಲಿ ರೊಟ್ಟಿ ಚೆನ್ನಾಗಿರುತ್ತದೆ ಎಂಬುದನ್ನು ಇಲ್ಲಿಯ ಕನ್ನಡ ಸಂಘದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಮೀನಿನ ಮಾತಷ್ಟೇ ಬರೆದಿದ್ದೇನೆ. ನೆನಪಾದ ಹಾಗೆ ಬರೆದದ್ದು, ಕ್ರಮ ಹುಡುಕಬೇಡ.

• ಮೊದಲ ದಿನವೇ ಕೇಳು: ಈ ಮೀನು ಯಾವ ತಳಿ, ಎಲ್ಲಿಂದ ಬಂತು, ಯಾವಾಗ ಬಂತು, ಇಲ್ಲಿಗೆ ಬಂದಮೇಲೆ ಎಷ್ಟು ತಲೆಮಾರು ಕಳೆದಿದೆ. ಋಷಿಮೂಲ, ನದಿಮೂಲ ಕೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಮೀನಿನ ಮೂಲ ಕೇಳದೆ ನೀರಿಗೆ ಔಷಧ ಹಾಕಬಾರದು ಎಂದು ನಾನು ಹೇಳುತ್ತೇನೆ. ‘ವೈಲ್ಡ್ ಟೈಪ್ ಇದೆ, ಮಾಡು’ ಅಂದರೆ ಅಲ್ಲಿಗೇ ಸುಮ್ಮನಾಗಬೇಡ. ಗೈಡ್‌ಗೆ ಗೊತ್ತಿಲ್ಲದಿದ್ದರೆ ಫಿಶ್ ರೂಮಿನಲ್ಲಿ ಮೀನಿಗೆ ದಿನಾ ಆರ್ಟೀಮಿಯಾ ಆಹಾರ ಹಾಕುವ ಕಾಕಾನನ್ನು ಕೇಳು. ಯಾವ ರ‍್ಯಾಕಿನ ಮೀನು ಬಲೆ ಕಂಡರೆ ಮೂಲೆಗೆ ಸೇರುತ್ತದೆ, ಯಾವುದು ಬಲೆಯೊಳಗೇ ಬಂದು ಕೂರುತ್ತದೆ ಎಂಬುದು ಆತನಿಗೆ ಗೊತ್ತಿರುತ್ತದೆ. ಎಷ್ಟೋ ಪ್ರಬಂಧಗಳಲ್ಲಿ ಸಿಗದ ಮಾಹಿತಿ ಅದು.

• ತಳಿಗಳ ಹೆಸರಿನ ಹಿಂದಿನ ಕಥೆ ತಿಳಿದುಕೋ. ಈ ಮೀನು ನಮ್ಮ ನೆಲದ್ದು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿ ಊರೂರಿನ ಬೆಳೆ, ಬೆಲೆ, ಕಸುಬು ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ಇದ್ದಾನಲ್ಲ, ಇತಿಹಾಸದ ಪುಸ್ತಕದಲ್ಲಿ ಓದಿರುತ್ತೀ. ಜೀಬ್ರಾಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದವನೂ ಅವನೇ. 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ಅವನ ಗ್ರಂಥ ಬಂತು, ಈ ಪಟ್ಟೆಮೀನು ಅದರಲ್ಲಿದೆ. ಅಷ್ಟರಲ್ಲಿ ಅವನ ಹೆಸರು ಹ್ಯಾಮಿಲ್ಟನ್ ಆಗಿತ್ತು. ಹಾಗಾಗಿ ಡೇನಿಯೋ ರೇರಿಯೋ ಎಂಬ ವೈಜ್ಞಾನಿಕ ಹೆಸರಿನ ಮುಂದೆ ಇವತ್ತಿಗೂ ಹ್ಯಾಮಿಲ್ಟನ್ ಎಂದೇ ಬರೆಯುತ್ತಾರೆ.

ಆಮೇಲೆ ಈ ಮೀನು ಅಕ್ವೇರಿಯಂ ವ್ಯಾಪಾರಿಗಳ ಕೈಹಿಡಿದು ಪರದೇಶಕ್ಕೆ ಹೋಯಿತು. ಅಮೆರಿಕದ ಆರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಅಲ್ಲಿಯ ಆಲ್ಬನಿ ಊರಿನ ಅಂಗಡಿಯ ಮೀನುಗಳಿಂದ ‘ಎ’, ‘ಬಿ’ ಎಂಬ ಎರಡು ಸಾಲು ಮಾಡಿ ಕೂಡಿಸಿದ. ಅದೇ ಇಂದಿನ ಎಬಿ ತಳಿ. ಅವನ ಹೆಸರಾಂತ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 1981ರಲ್ಲಿ. ಜರ್ಮನಿಯ ಟ್ಯೂಬಿಂಗನ್ ಊರಿನ ಟಿಯು ತಳಿಯೂ ಅಂಗಡಿಯ ಮೀನಿನ ಸಂತಾನವೇ. 2013ರಲ್ಲಿ ಪ್ರಕಟವಾದ ಜೀಬ್ರಾಮೀನಿನ ಪೂರ್ಣ ಜೀನೋಮ್ ಅದರದ್ದು. ವಿಕ್ ತಳಿಯ ಪೂರ್ವಜರನ್ನು ಹಿಡಿದದ್ದು ಕೋಲ್ಕತ್ತದ ಕಡೆ. ನಾಡಿಯಾ, ಕೂಚ್ ಬೆಹಾರ್ ಎಂಬ ತಳಿಗಳ ಊರು ಹೆಸರಿನಲ್ಲೇ ಇದೆ. ನಮ್ಮದೇ ದೇಶದ ಮೀನಿಗಾಗಿ ನಾವೀಗ ಯುರೋಪು, ಅಮೆರಿಕದ ಕೇಂದ್ರಗಳಿಗೆ ಡಾಲರಿನಲ್ಲಿ ದುಡ್ಡು ಕಟ್ಟಿ ಮೊಟ್ಟೆ ತರಿಸುತ್ತೇವೆ. ಏನನ್ನಬೇಕೋ ಗೊತ್ತಿಲ್ಲ.

• ಅಂಗಡಿಯಲ್ಲಿ ತಂದ ಮೀನು ಅಂದಾಕ್ಷಣ ಮೂಗು ಮುರಿಯಬೇಡ. ಮೇಲೆ ಬರೆದೆನಲ್ಲ, ಎಬಿ, ಟಿಯುಗಳ ಅಜ್ಜ-ಮುತ್ತಜ್ಜರೂ ಅಂಗಡಿಯವರೇ. ಎಬಿ ಮೀನಿನ ವಂಶಾವಳಿಯನ್ನು ಯಾರೋ ಬರೆದಿಟ್ಟಿದ್ದಾರೆ, ಅಂಗಡಿಯ ಮೀನಿನದನ್ನು ಯಾರೂ ಬರೆದಿಲ್ಲ. ಪುಣೆಯ ಅಂಗಡಿಗೆ ಈ ವಾರ ಬಂದ ಮೀನು ಚೆನ್ನೈ ಕಡೆಯ ಸಾಕಣೆಯದಿರಬಹುದು, ಬರುವ ತಿಂಗಳು ಬರುವುದು ಬಂಗಾಳದ್ದಿರಬಹುದು. ಅಂಗಡಿಯವನಿಗೆ ಎರಡೂ ‘ಜೀಬ್ರಾ’ನೇ. ಜನವರಿಯಲ್ಲಿ ಕಂಟ್ರೋಲ್ ಗುಂಪನ್ನೂ ಮಾರ್ಚಿನಲ್ಲಿ ಔಷಧದ ಗುಂಪನ್ನೂ ಕೊಂಡು ತಂದರೆ ನೀನು ಔಷಧ ಪರೀಕ್ಷೆ ಮಾಡಿದ್ದೋ, ಎರಡು ಊರಿನ ಮೀನುಗಳನ್ನು ಹೋಲಿಸಿದ್ದೋ, ದೇವರೇ ಹೇಳಬೇಕು. ಅನಿವಾರ್ಯವಾದರೆ ಒಂದೇ ಸಲಕ್ಕೆ ಬೇಕಾದಷ್ಟು ಕೊಂಡುಕೋ, ಬೇರೆ ಕೋಣೆಯಲ್ಲಿ ಕೆಲವು ವಾರ ಕ್ವಾರಂಟೈನ್ ಇಡು, ಅವುಗಳ ಮೊಟ್ಟೆಯಿಂದ ಮರಿ ಮಾಡಿಸಿ ಆ ಮರಿಗಳ ಮೇಲೆ ಕೆಲಸ ಮಾಡು. ಮೂರು ತಿಂಗಳಿಗೆ ಅವು ಬೆಳೆದು ನಿಲ್ಲುತ್ತವೆ. ಆ ಮೂರು ತಿಂಗಳು ಹಾಳಾಯಿತು ಎಂದುಕೊಳ್ಳಬೇಡ, ಓದಿಕೋ.

• ಮುಳಶಿ ಕಡೆ ಪಿಕ್ನಿಕ್ಕಿಗೆ ಹೋದಾಗ ತೊರೆಯಲ್ಲಿ ಪಟ್ಟೆಪಟ್ಟೆ ಮೀನು ಕಂಡು ಬಾಟಲಿಯಲ್ಲಿ ತುಂಬಿಕೊಂಡು ಬರಬೇಡ. ಸಹ್ಯಾದ್ರಿಯ ತೊರೆಗಳಲ್ಲಿ ಡೆವಾರಿಯೋ ಎಂಬ ದಾಯಾದಿ ಮೀನು ಬೇಕಾದಷ್ಟಿದೆ. ನೋಡಿದ ತಕ್ಷಣ ಮೋಸಹೋಗುವಷ್ಟು ಹೋಲಿಕೆ.

• ಈಗ ನಿನ್ನ ಕೆಲಸದ ಮುಖ್ಯ ವಿಷಯಕ್ಕೆ ಬರುತ್ತೇನೆ. ಆತಂಕ ಅಳೆಯಲು ಎಲ್ಲರೂ ಮಾಡುವುದು ಹೊಸ ತೊಟ್ಟಿಯ ಪರೀಕ್ಷೆ. ಒಂದೂವರೆ ಲೀಟರ್ ಹಿಡಿಯುವ, ಅಗಲ ಕಡಿಮೆಯ ತೊಟ್ಟಿ. ಹೊರಗೋಡೆಯ ಮೇಲೆ ಅರ್ಧ ಎತ್ತರಕ್ಕೆ ಮಾರ್ಕರಿನಲ್ಲಿ ಅಡ್ಡಗೆರೆ. ಒಂದು ಮೀನನ್ನು ಬಿಟ್ಟು ಆರು ನಿಮಿಷ ಕ್ಯಾಮೆರಾ ಇಡುವುದು. ಹೊಸ ಜಾಗ ಕಂಡ ಮೀನು ಮೊದಲು ತಳಕ್ಕೆ ಇಳಿಯುತ್ತದೆ, ಕೆಲವು ಅಲ್ಲೇ ಕಲ್ಲಿನಂತೆ ನಿಲ್ಲುತ್ತವೆ, ಕಿವಿರು ಮಾತ್ರ ಆಡುತ್ತಿರುತ್ತದೆ. ಹೊತ್ತು ಕಳೆದ ಹಾಗೆ ಧೈರ್ಯ ಬಂದು ಗೆರೆ ದಾಟಿ ಮೇಲೆ ಬರುತ್ತದೆ. ಮೇಲೆ ಬರಲು ಎಷ್ಟು ಸೆಕೆಂಡು ಬೇಕಾಯಿತು, ಮೇಲ್ಭಾಗದಲ್ಲಿ ಎಷ್ಟು ಹೊತ್ತು ಇತ್ತು, ಎಷ್ಟು ಸಲ ಮರಗಟ್ಟಿ ನಿಂತಿತು ಎಂದು ಎಣಿಸುತ್ತೀ. ಆತಂಕ ಇಳಿಸುವ ಔಷಧ ಕೊಟ್ಟರೆ ಬೇಗ ಮೇಲೆ ಬರಬೇಕು. ನಿಕೋಟಿನ್ ಕೊಟ್ಟರೆ ಹಾಗಾಗುತ್ತದೆ ಎಂದು ಲೆವಿನ್ ಮತ್ತು ಸಂಗಡಿಗರು 2007ರಲ್ಲೇ ತೋರಿಸಿದ್ದಾರೆ. ಕೆಫೀನ್ ಕೊಟ್ಟರೆ ಇದರ ಉಲ್ಟಾ.

ತಳಿ ಆಟ ಕೆಡಿಸುವುದು ಇಲ್ಲೇ. ಒಮ್ಮೆ ಇಲ್ಲಿಯ ಒಂದು ಕಾಲೇಜಿಗೆ ಎಂ.ಫಾರ್ಮ್ ಮೌಖಿಕ ಪರೀಕ್ಷೆಗೆ ಹೋಗಿದ್ದೆ. ಹುಡುಗ ಯಾವುದೋ ಬೇರಿನ ಸಾರ ಕೊಟ್ಟು ಹೊಸ ತೊಟ್ಟಿಯ ಪರೀಕ್ಷೆ ಮಾಡಿದ್ದ, ‘ಈ ಸಾರಕ್ಕೆ ಆತಂಕ ಶಮನದ ಗುಣವಿಲ್ಲ’ ಎಂದು ತೀರ್ಮಾನ ಬರೆದಿದ್ದ. ವಿಡಿಯೊ ಹಾಕಿಸಿ ನೋಡಿದೆ. ಏನೂ ಕೊಡದ ಮೀನುಗಳು ಬಿಟ್ಟ ನಿಮಿಷದೊಳಗೇ ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ಕಾಳು ಬೀಳುತ್ತದೆಂದು ಕಾಯುವ ಹಾಗೆ. ಬಲೆ, ಕೈ, ಜನರ ಮುಖ ಎಲ್ಲಕ್ಕೂ ಹೊಂದಿಕೊಂಡ ಅಂಗಡಿಯ ಮೀನು. ಹೆದರದ ಮೀನಿನ ಹೆದರಿಕೆಯನ್ನು ಔಷಧ ಇಳಿಸುವುದಾದರೂ ಹೇಗೆ? ಆ ಬೇರಿಗೆ ಗುಣ ಇತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ತಿಳಿಯದು. ಹುಡುಗ ಪಾಸಾದ.

ಆದ್ದರಿಂದ ಔಷಧದ ಡಬ್ಬಿ ತೆರೆಯುವ ಮುನ್ನ ಬರೀ ನೀರಿನಲ್ಲಿ ನಿನ್ನ ತಳಿಯ ಸ್ವಭಾವ ಅಳೆದುಕೋ. ಮೇಲೆ ಹೋಗಲೂ ಕೆಳಗೆ ಬರಲೂ ಜಾಗ ಇರಬೇಕು. ಆಮೇಲೆ ಗುಣ ಗೊತ್ತಿರುವ ಒಂದು ಔಷಧ ಕೊಟ್ಟು ನೋಡು. ಡಯಜೆಪಾಮ್ ಒಳ್ಳೆಯದೇ, ಆದರೆ ಅದು ನಿಯಂತ್ರಿತ ಔಷಧ, ತರಿಸಲು ಕಾಗದಪತ್ರದ ಗೋಳಿದೆ. ಫ್ಲೂಆಕ್ಸೆಟೀನ್ ಸುಲಭ. ಆದರೆ ಅದನ್ನು ಒಂದೆರಡು ವಾರ ನೀರಿನಲ್ಲಿ ಕೊಡಬೇಕಾಗುತ್ತದೆ, ಹತ್ತು ನಿಮಿಷದಲ್ಲಿ ಪವಾಡ ಕಾಯಬೇಡ. ಗೊತ್ತಿರುವ ಔಷಧಕ್ಕೇ ಓಗೊಡದ ಮೀನಿನ ಮೇಲೆ ಗೊತ್ತಿಲ್ಲದ್ದನ್ನು ಪರೀಕ್ಷಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

• ಚುಕ್ಕೆಯ ಮೀನು, ಲೆಪರ್ಡ್ ಎನ್ನುತ್ತಾರೆ, ಅಂದಕ್ಕೆಂದು ಗುಂಪಿಗೆ ಸೇರಿಸಬೇಡ. ಒಂದು ಕಾಲಕ್ಕೆ ಇದನ್ನು ಬೇರೆಯೇ ಪ್ರಭೇದ ಎಂದು ಹೆಸರಿಟ್ಟಿದ್ದರು. ಕೋನೆಕ್ಸಿನ್ ಎಂಬ ಪ್ರೋಟೀನಿನ ಒಂದು ಜೀನ್ ಕೆಟ್ಟಿದ್ದರಿಂದ ಪಟ್ಟೆ ಒಡೆದು ಚುಕ್ಕೆಯಾಗಿದೆ, ಅಷ್ಟೇ. ಆದರೆ 2009ರಲ್ಲಿ ಈಗನ್ ಮತ್ತು ಸಂಗಡಿಗರು ಹೊಸ ತೊಟ್ಟಿಯಲ್ಲಿ ಬಿಟ್ಟು ನೋಡಿದಾಗ ಲೆಪರ್ಡ್ ಮೀನು ಪಟ್ಟೆಮೀನಿಗಿಂತ ಅಂಜುಬುರುಕ ಎಂದು ಕಂಡಿತು. 2013ರಲ್ಲಿ ಬ್ರೆಜಿಲ್‌ನ ಮ್ಯಾಕ್ಸಿಮಿನೋ ಅವರ ಗುಂಪು ಲೆಪರ್ಡ್ ಮಿದುಳಿನ ಸೆರೋಟೋನಿನ್ ಲೆಕ್ಕವೇ ಬೇರೆ ಎಂದು ತೋರಿಸಿತು. ಫ್ಲೂಆಕ್ಸೆಟೀನ್ ಕೆಲಸ ಮಾಡುವುದು ಸೆರೋಟೋನಿನ್ ಮೇಲೆಯೇ ಅಲ್ಲವೇ? ಮೈಮೇಲಿನ ಗುರುತು ಬದಲಾದ ತಳಿಯ ಮಿದುಳೂ ಔಷಧದೊಂದಿಗೆ ಬೇರೆ ರೀತಿ ಮಾತಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಉದ್ದ ರೆಕ್ಕೆಯ ಟಿಎಲ್ ತಳಿಯೂ ಲೆಪರ್ಡ್ ಜೀನ್ ಹೊತ್ತದ್ದೇ, ಮರೆಯಬೇಡ. ಹೊಳೆಯುವ ಗುಲಾಬಿ, ಹಸಿರು ಮೀನುಗಳ ಮಾತೇ ಬೇಡ. ಅವು ಬೇರೆ ಜೀವಿಯ ಜೀನ್ ಸೇರಿಸಿ ಮಾಡಿದವು.

• ಹೊಳೆಗೆ ಸುರಿದರೂ ಅಳೆದು ಸುರಿ. ಪ್ರಬಂಧದಲ್ಲಿ ಕಂಡ ಡೋಸನ್ನು ಹಾಗೇ ಎತ್ತಿಕೊಳ್ಳಬೇಡ. ಆಲ್ಕೋಹಾಲಿನದ್ದೇ ನೋಡು. ರಾಬರ್ಟ್ ಗೆರ್ಲಾಯ್ ಮತ್ತು ಸಂಗಡಿಗರು 2000ದಲ್ಲಿ ಶೇ 0.25, 0.5, 1 ಎಂದು ಮೂರು ಪ್ರಮಾಣದಲ್ಲಿ ಮೀನನ್ನಿಟ್ಟು ನೋಡಿದರು. ನಡುವಿನ ಪ್ರಮಾಣದಲ್ಲಿ ಮೀನು ಹೆಚ್ಚು ಓಡಾಡುತ್ತದೆ, ಶೇ 1ಕ್ಕೆ ಬಂದಾಗ ಮಂಕಾಗುತ್ತದೆ. ಏರಿ ಇಳಿಯುವ ಗೆರೆ. ಮೂರು ವರ್ಷದ ನಂತರ, 2003ರಲ್ಲಿ, ಡ್ಲುಗೋಸ್ ಮತ್ತು ರಾಬಿನ್ ಮೂರು ತಳಿಗಳಿಗೆ ಎಥನಾಲ್ ಕೊಟ್ಟರು. ಬೆಚ್ಚುವುದು, ನೆರೆಯ ಮೀನಿನಿಂದ ದೂರ ಉಳಿಯುವುದು ಇಂಥವನ್ನು ಅಳೆದಾಗ ಮೂರೂ ಒಂದೇ ರೀತಿ ಇರಲಿಲ್ಲ. 2014ರಲ್ಲಿ ಗೆರ್ಲಾಯ್ ಗುಂಪಿನವರೇ ಎಬಿಯನ್ನೂ ಅಂಗಡಿಯ ಮೋಟು ರೆಕ್ಕೆಯ ಮೀನನ್ನೂ ನಿಮಿಷ ನಿಮಿಷಕ್ಕೆ ಹೋಲಿಸಿ ಮತ್ತೆ ವ್ಯತ್ಯಾಸ ಕಂಡರು.

ಏರಿ ಇಳಿಯುವ ಗೆರೆಯಲ್ಲಿ ಒಂದು ತಳಿ ಇನ್ನೂ ಏರುತ್ತಿರುವಾಗ ಇನ್ನೊಂದು ಇಳಿಯಲು ಶುರುಮಾಡಿರಬಹುದು. ಅದೇ ಪ್ರಮಾಣ, ಅದೇ ಹೊತ್ತು: ಒಬ್ಬರು ‘ಉದ್ರೇಕಕಾರಿ’ ಎನ್ನುತ್ತಾರೆ, ಇನ್ನೊಬ್ಬರು ‘ಮಂಪರು ತರುತ್ತದೆ’ ಎನ್ನುತ್ತಾರೆ, ಸೆಮಿನಾರಿನಲ್ಲಿ ಜಗಳ. ಒಂದೇ ಡೋಸಿನಲ್ಲಿ ಎರಡು ತಳಿ ಹೋಲಿಸುವುದಕ್ಕಿಂತ ಒಂದೇ ತಳಿಯಲ್ಲಿ ನಾಲ್ಕು ಡೋಸ್ ಮಾಡುವುದು ಮೇಲು. ಎರಡನ್ನೂ ಮಾಡುವ ಶಕ್ತಿಯಿದ್ದರೆ ಎರಡೂ ಮಾಡು. ಔಷಧ ಕರಗಿಸಲು ಡಿಎಂಎಸ್‌ಒ ಹಾಕಿದರೆ ಬರೀ ಡಿಎಂಎಸ್‌ಒ ಗುಂಪನ್ನು ಪ್ರತಿ ತಳಿಗೂ ಬೇರೆ ಇಡು.

• ಯಾಕೆ ಹೀಗಾಗುತ್ತದೆ ಎಂದು ಯಾರಾದರೂ ಕೇಳಿದರೆ ‘ತಳಿ ಬೇರೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡ. ಔಷಧ ಮೈಗೆ ಸೇರುವುದು, ಪಿತ್ತಜನಕಾಂಗದ ಕಿಣ್ವ ಅದನ್ನು ಒಡೆಯುವುದು, ಮಿದುಳಿನ ಗ್ರಾಹಕ ಅದನ್ನು ಹಿಡಿಯುವುದು, ಕಾರ್ಟಿಸೋಲ್ ಏರಿ ಮತ್ತೆ ಇಳಿಯುವುದು, ಪ್ರತಿ ಮೆಟ್ಟಿಲಿಗೂ ಜೀನ್ ಇದೆ, ಪ್ರತಿ ಜೀನಿನಲ್ಲೂ ತಳಿಗೊಂದು ಅಕ್ಷರ ಹೆಚ್ಚುಕಡಿಮೆ. ಮನುಷ್ಯನ ಹಾಗೆ ಈ ಮೀನಿನ ಒತ್ತಡದ ಹಾರ್ಮೋನೂ ಕಾರ್ಟಿಸೋಲೇ, ಇಲಿಯದ್ದು ಬೇರೆ. 2013ರಲ್ಲಿ ಝಿವ್ ಮತ್ತು ಸಂಗಡಿಗರ ಕೆಲಸ ಓದು. ಕಾರ್ಟಿಸೋಲನ್ನು ಹಿಡಿಯುವ ಗ್ರಾಹಕದ ಒಂದು ಜೀನ್ ಕೆಟ್ಟ ಮೀನುಗಳು ಹೊಸ ತೊಟ್ಟಿಯಲ್ಲಿ ಮರಗಟ್ಟಿ ನಿಂತವು, ಫ್ಲೂಆಕ್ಸೆಟೀನ್ ಕೊಟ್ಟಾಗ ಸರಿಹೋದವು. ಒಂದೇ ಜೀನಿಗೆ ಇಷ್ಟಾದರೆ ತಳಿ ತಳಿಗಳ ನಡುವೆ ಎಷ್ಟಿರಬೇಡ! ದಿಲ್ಲಿಯ ಐಜಿಐಬಿ ಸಂಸ್ಥೆಯವರು ಅಸ್ಸಾಮಿನಿಂದ ತಂದ ಕಾಡುತಳಿಯ ಜೀನೋಮ್ ಓದಿ 2013ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಒಂದೊಂದೇ ಅಕ್ಷರದ ವ್ಯತ್ಯಾಸಗಳೇ 50 ಲಕ್ಷಕ್ಕೂ ಹೆಚ್ಚು.

• ಈ ಅಕ್ಷರ ವ್ಯತ್ಯಾಸದಿಂದ ನಿನ್ನ ಬೆಂಚಿನ ಮೇಲೆ ಆಗುವ ಪರಿಣಾಮ: ಕ್ರಿಸ್ಪರ್ ಮಾಡುವುದಾದರೆ ಗೈಡ್ ಆರ್‌ಎನ್‌ಎಯನ್ನು ಡೇಟಾಬೇಸಿನಲ್ಲಿ ನೋಡಿ ಆರ್ಡರ್ ಮಾಡಬೇಡ. ಅಲ್ಲಿರುವುದು ಟಿಯು ಮೀನಿನ ಅಕ್ಷರ. ನಿನ್ನ ತೊಟ್ಟಿಯ ಮೀನಿನ ಬಾಲದ ರೆಕ್ಕೆಯ ತುದಿ ಕತ್ತರಿಸಿ, ಆ ಜಾಗದ ಡಿಎನ್‌ಎ ಓದಿಸಿ, ಹೊಂದಿದರೆ ಆರ್ಡರ್ ಮಾಡು. ರೆಕ್ಕೆ ಮತ್ತೆ ಬೆಳೆಯುತ್ತದೆ. ವ್ಯರ್ಥವಾದ ಆರ್ಡರಿನ ದುಡ್ಡು ವಾಪಸು ಬರುವುದಿಲ್ಲ.

• ಗಂಡು-ಹೆಣ್ಣಿನ ಲೆಕ್ಕ ಬರೆದಿಡು. ಎಬಿ ಮತ್ತು ಟಿಯು ತಳಿಗಳು ಲ್ಯಾಬಿನಲ್ಲಿ ಸಾಕಿ ಸಾಕಿ ಲಿಂಗ ನಿರ್ಧರಿಸುವ ಮೂಲ ವ್ಯವಸ್ಥೆಯನ್ನೇ ಕಳೆದುಕೊಂಡಿವೆ ಎಂದು 2014ರಲ್ಲಿ ವಿಲ್ಸನ್ ಮತ್ತು ಸಂಗಡಿಗರು ತೋರಿಸಿದರು. ನಾಡಿಯಾ, ಕೂಚ್ ಬೆಹಾರ್, ವಿಕ್ ತಳಿಗಳಲ್ಲಿ ನಾಲ್ಕನೇ ವರ್ಣತಂತುವಿನ ಮೇಲೆ ಅದು ಇನ್ನೂ ಉಳಿದಿದೆ. ಹಾಗಾಗಿ ಎಬಿಯಲ್ಲಿ ಮರಿಗಳಿಗೆ ಆಹಾರ ಕಡಿಮೆಯಾದರೆ, ಗಿಜಿಗುಟ್ಟಿದರೆ, ತೊಟ್ಟಿ ತುಂಬ ಗಂಡೇ ಆಗಬಹುದು. ಆಗ ನೀನು ತಳಿಯ ವ್ಯತ್ಯಾಸ ಎಂದುಕೊಂಡದ್ದು ಗಂಡು-ಹೆಣ್ಣಿನ ವ್ಯತ್ಯಾಸವಾಗಿರುತ್ತದೆ.

• ಎಲ್ಲದಕ್ಕೂ ತಳಿಯನ್ನೇ ದೂರಬೇಡ. ಹೊಸದಾಗಿ ತಳಿಯ ವಿಷಯ ಕಲಿತವರಿಗೆ ಈ ಚಟ ಹತ್ತುತ್ತದೆ. ಇಲಿಗಳ ಕಥೆ ಹೇಳುತ್ತೇನೆ. ಸಿ57 ಎಂಬ ತಳಿಯ ಇಲಿ ಆಲ್ಕೋಹಾಲ್ ಬೆರೆಸಿದ ನೀರನ್ನೇ ಇಷ್ಟಪಡುತ್ತದೆ, ಡಿಬಿಎ ತಳಿ ಮುಟ್ಟುವುದಿಲ್ಲ. 1959ರಿಂದ ಗೊತ್ತಿರುವ ಸಂಗತಿ, ಯಾವ ಲ್ಯಾಬಿನಲ್ಲಿ ಮಾಡಿದರೂ ಬರುತ್ತದೆ. ಆದರೆ 1999ರಲ್ಲಿ ಕ್ರ್ಯಾಬ್, ವಾಲ್‌ಸ್ಟೆನ್, ಡುಡೆಕ್ ಎಂಬ ಮೂವರು ಆಲ್ಬನಿ (ಮೇಲೆ ಹೇಳಿದ ಆರೆಗಾನ್‌ನದ್ದಲ್ಲ), ಎಡ್ಮಂಟನ್, ಪೋರ್ಟ್‌ಲೆಂಡ್ ಎಂಬ ಮೂರು ಊರಿನಲ್ಲಿ ಎಂಟು ತಳಿಗಳ ಇಲಿಗಳನ್ನು ಒಂದೇ ಮಾದರಿಯ ಉಪಕರಣದಲ್ಲಿ, ಒಂದೇ ವಯಸ್ಸಿಗೆ, ಒಂದೇ ಕ್ರಮದಲ್ಲಿ ಪರೀಕ್ಷಿಸಿದರು. ಕೆಲವು ಫಲ ಮೂರೂ ಕಡೆ ಒಂದೇ, ಕೆಲವು ಊರಿಗೊಂದು ತೆರ. ತಳಿ ನಿಜ, ಊರೂ ನಿಜ. ಇದನ್ನು ಓದದೆ ನಡವಳಿಕೆಯ ಕೆಲಸಕ್ಕೆ ಕೈಹಾಕಬೇಡ.

• ಊರು ಅಂದೆನಲ್ಲ, ಪುಣೆಯ ಊರಿನದ್ದೂ ಕೇಳು:

ಗಣೇಶೋತ್ಸವದ ದಿನಗಳಲ್ಲಿ ನಡವಳಿಕೆಯ ಪರೀಕ್ಷೆ ಇಟ್ಟುಕೊಳ್ಳಬೇಡ. ಢೋಲ್-ತಾಶಾ ಪಥಕದವರು ಹಬ್ಬಕ್ಕೆ ವಾರಗಟ್ಟಲೆ ಮೊದಲೇ ತಾಲೀಮು ಶುರುಮಾಡುತ್ತಾರೆ. ಈ ಮೀನಿನ ಈಜುಚೀಲದಿಂದ ಒಳಕಿವಿಗೆ ಪುಟ್ಟ ಎಲುಬುಗಳ ಸರಣಿಯಿದೆ, ಸದ್ದು ಚೆನ್ನಾಗಿ ಕೇಳುತ್ತದೆ. ಒಂದು ತಳಿಯನ್ನು ಜುಲೈಯಲ್ಲಿ, ಇನ್ನೊಂದನ್ನು ವಿಸರ್ಜನೆಯ ವಾರದಲ್ಲಿ ಪರೀಕ್ಷಿಸಿ ‘ಎರಡನೆಯದು ಅಂಜುಬುರುಕ’ ಎಂದರೆ ನಗೆಪಾಟಲು. ದೀಪಾವಳಿಗೂ ಇದೇ ಮಾತು.

ಡಿಸೆಂಬರ್ ರಾತ್ರಿ ಪುಣೆ ಧಾರವಾಡಕ್ಕಿಂತ ತಣ್ಣಗಿರುತ್ತದೆ. ಮೀನಿಗೆ ಬೇಕಾದ್ದು 28 ಡಿಗ್ರಿ ಆಸುಪಾಸು, ಹದಿನಾಲ್ಕು ತಾಸು ಬೆಳಕು, ಹತ್ತು ತಾಸು ಕತ್ತಲೆ. ಕರೆಂಟು ಹೋದರೆ ಹೀಟರಿಗೂ ದೀಪಕ್ಕೂ ಬ್ಯಾಕಪ್ ಇದೆಯೇ ನೋಡಿಕೋ. ಎಷ್ಟೋ ಕಡೆ ಜನರೇಟರಿಗೆ ಕಂಪ್ಯೂಟರ್ ಜೋಡಿಸಿರುತ್ತಾರೆ, ಮೀನು ಬಿಟ್ಟುಹೋಗಿರುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ, ಬೋರ್‌ವೆಲ್ಲಿನ ನೀರು ಗಡಸು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದಾಗ ಯಾವ ಬಾವಿಯದೋ ತಿಳಿಯದು. ಆರ್‌ಓ ನೀರಿಗೆ ಅಳೆದ ಉಪ್ಪು ಹಾಕಿ ಪಿಎಚ್, ಕಂಡಕ್ಟಿವಿಟಿ ದಿನಾ ಬರೆ.

ಬೆಳಗಿನ ಹೊತ್ತು ಒಂದು ತಳಿ, ಊಟವಾದ ಮೇಲೆ ಇನ್ನೊಂದು ಎಂದು ಮಾಡಬೇಡ. ಎರಡನ್ನೂ ಸರದಿಯಲ್ಲಿ ಬೆರೆಸಿ ಮಾಡು.

• ವಿಡಿಯೊ ನೋಡಿ ಎಣಿಸುವವರಿಗೆ ಇದು ಯಾವ ತಳಿ, ಯಾವ ಡೋಸ್ ಎಂದು ಗೊತ್ತಿರಬಾರದು. ಲೆಪರ್ಡ್ ಆದರೆ ಮುಚ್ಚಿಡಲು ಆಗುವುದಿಲ್ಲ, ಕಂಪ್ಯೂಟರಿನಿಂದ ಟ್ರ್ಯಾಕ್ ಮಾಡಿಸು.

• ನಿನ್ನ ವೈವಾದಲ್ಲಿ ನಾನು ಕೂತರೆ ಇದನ್ನೇ ಕೇಳುತ್ತೇನೆ: ನಿನ್ನ ಎನ್ ಎಷ್ಟು? ಒಂದು ಜೋಡಿ ಎಬಿ ಮೀನು ಒಂದು ಬೆಳಿಗ್ಗೆ ಇನ್ನೂರು ಮೊಟ್ಟೆ ಇಟ್ಟಿತು, ಒಂದು ಜೋಡಿ ವಿಕ್ ಇನ್ನೂರು ಇಟ್ಟಿತು. ಐದನೇ ದಿನ ಮರಿಗಳನ್ನು 96 ಗುಳಿಯ ಪ್ಲೇಟಿಗೆ ಹಾಕಿ, ದೀಪ ಆರಿಸಿ, ಓಡಾಟ ಅಳೆದು ‘ಎನ್ ಸಮ 96’ ಎಂದು ಬರೆಯುತ್ತಾರೆ. ಅದು 96 ಅಲ್ಲಮ್ಮ, ಒಂದು. ಎಲ್ಲವೂ ಒಂದೇ ತಾಯಿಯ ಮಕ್ಕಳು. ನೀನು ಹೋಲಿಸಿದ್ದು ಎರಡು ಸಂಸಾರಗಳನ್ನು, ಎರಡು ತಳಿಗಳನ್ನಲ್ಲ. ಪ್ರತಿ ತಳಿಯಿಂದ ಹಲವು ಜೋಡಿ, ಬೇರೆ ಬೇರೆ ವಾರ, ಬೇರೆ ಬೇರೆ ತೊಟ್ಟಿ ಇರಲಿ. ಸಂಖ್ಯಾಶಾಸ್ತ್ರದಲ್ಲಿ ಜೋಡಿಯನ್ನೂ ತೊಟ್ಟಿಯನ್ನೂ ಲೆಕ್ಕಕ್ಕೆ ಹಿಡಿ.

ಇನ್ನೊಂದು. ಇಲಿಯ ತಳಿಗಳ ಹಾಗೆ ಮೀನಿನ ತಳಿಗಳು ಪಡಿಯಚ್ಚುಗಳಲ್ಲ. ಎಬಿ ಎಂದು ಹೆಸರಿದ್ದರೂ ಒಳಗೆ ಬೇಕಾದಷ್ಟು ವೈವಿಧ್ಯ ಉಳಿದಿದೆ. ಆರೆಗಾನ್‌ನ ಎಬಿ, ಇಲ್ಲಿ ಹತ್ತು ವರ್ಷ ಸಾಕಿದ ಎಬಿ ಒಂದೇ ಎಂದು ಆಣೆ ಮಾಡಲು ಬರುವುದಿಲ್ಲ. ಮರಿಗಳ ಓಡಾಟ ತಳಿ ತಳಿಗೂ ಬೇರೆ, ಒಂದೇ ತಳಿಯೊಳಗೆ ಮರಿ ಮರಿಗೂ ಬೇರೆ ಎಂದು 2013ರಲ್ಲಿ ಲಾಂಗ್ ಮತ್ತು ಸಂಗಡಿಗರು ಬರೆದಿದ್ದಾರೆ. ಸರಾಸರಿಯ ಕಂಬ ಮಾತ್ರ ಬರೆದು ಮುಗಿಸಬೇಡ, ಪ್ರತಿ ಮೀನಿಗೂ ಒಂದು ಚುಕ್ಕೆ ಇಡು.

• ಮೀನಿನ ಸಂಸಾರ ಸಾಕುವ ಕೆಲಸ ನಿನ್ನ ಪಾಲಿಗೆ ಬಂದರೆ: ನಾಲ್ಕೈದು ಒಳ್ಳೆಯ ಜೋಡಿಗಳಿಂದಲೇ ಮುಂದಿನ ತಲೆಮಾರು ಮಾಡುವ ಸೋಮಾರಿತನ ಬೇಡ. ಇಪ್ಪತ್ತಕ್ಕೂ ಹೆಚ್ಚು ಜೋಡಿ ಬಳಸು. ಹತ್ತಿರದ ಸಂಬಂಧದಲ್ಲೇ ಕೂಡಿಸುತ್ತ ಹೋದರೆ ಮೊಟ್ಟೆ ಕಡಿಮೆಯಾಗುತ್ತದೆ, ಬೆನ್ನು ಸೊಟ್ಟಗಾದ ಮರಿ ಹೆಚ್ಚುತ್ತದೆ, ಗಂಡು-ಹೆಣ್ಣಿನ ಪ್ರಮಾಣ ಕೆಡುತ್ತದೆ. ಪ್ರತಿ ತೊಟ್ಟಿಗೂ ಲೇಬಲ್: ತಳಿ, ಹುಟ್ಟಿದ ತಾರೀಕು, ಅಪ್ಪ-ಅಮ್ಮನ ತೊಟ್ಟಿಯ ನಂಬರು. ತೊಟ್ಟಿಯಿಂದ ಹಾರಿ ನೆಲಕ್ಕೆ ಬಿದ್ದ ಮೀನನ್ನು ಅಂದಾಜಿನ ಮೇಲೆ ಯಾವುದೋ ತೊಟ್ಟಿಗೆ ಹಾಕಬೇಡ. ಕರುಣೆಯಿಂದ ಹಾಕುವವರಿದ್ದಾರೆ. ಆ ಒಂದು ಮೀನಿನಿಂದ ಇಡೀ ಸಾಲು ಬೆರಕೆಯಾದರೆ ಲೇಬಲ್ ಮಾತ್ರ ಹಳೆಯದೇ ಉಳಿಯುತ್ತದೆ. ಬಲೆಯೂ ತಳಿಗೊಂದು ಬೇರೆ.

• ‘ಪಳಗಿಸುವಿಕೆ’ಯೂ ತಳಿಯ ಭಾಗ. ರಾಬಿಸನ್ ಮತ್ತು ರೋಲೆಂಡ್ 2005ರಲ್ಲಿ ಕಾಡುತಳಿಯನ್ನೂ ಲ್ಯಾಬ್ ತಳಿಯನ್ನೂ ಒಂದೇ ರೀತಿ ಸಾಕಿ ನೋಡಿದರು. ಪಳಗಿದವು ನೀರಿನ ಮೇಲ್ಭಾಗಕ್ಕೆ ಹತ್ತಿರ ಇರುತ್ತವೆ, ಕಡಿಮೆ ಬೆಚ್ಚುತ್ತವೆ. ಹೊಳೆಯಲ್ಲಿ ಮೇಲೆ ಬಂದವನ ಮೇಲೆ ಮಿಂಚುಳ್ಳಿ ಎರಗುತ್ತದೆ, ಲ್ಯಾಬಿನಲ್ಲಿ ಮೇಲೆ ಬಂದವನಿಗೆ ಊಟ ಮೊದಲು. ಎಷ್ಟೋ ತಲೆಮಾರು ಹೀಗೆ ನಡೆದರೆ ಧೈರ್ಯವಂತರೇ ಉಳಿಯುತ್ತಾರೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನುರಾಧಾ ಭಟ್ ಅವರ ಗುಂಪು ನಮ್ಮ ಹೊಳೆ-ಹಳ್ಳಗಳ ಜೀಬ್ರಾಮೀನುಗಳನ್ನೇ ಹೋಲಿಸಿ, ಕಾಡುಮೀನಿನಲ್ಲೂ ನೆಲೆಯಿಂದ ನೆಲೆಗೆ ದಿಟ್ಟತನ ಬೇರೆ ಎಂದು ತೋರಿಸಿದೆ. ಆ ಪ್ರಬಂಧಗಳನ್ನು ಓದು. ಭಾರತದಲ್ಲಿ ಕೂತು ಈ ಮೀನಿನ ಮೇಲೆ ಕೆಲಸ ಮಾಡುವವರಿಗೆ ಇರುವ ಒಂದೇ ಒಂದು ಅನುಕೂಲ ಇದು, ಮೂಲ ಮೀನು ರೈಲಿನಲ್ಲಿ ಹೋಗಿ ನೋಡಬಹುದಾದಷ್ಟು ಹತ್ತಿರದಲ್ಲಿದೆ. ನಾವು ಅದನ್ನು ಬಳಸಿಕೊಂಡದ್ದು ಸಾಲದು ಎಂಬುದು ನನ್ನ ಅಭಿಪ್ರಾಯ.

• ಊರಿನಲ್ಲೇ ಕೇಳುವವರಿದ್ದಾರೆ, ಸಂಕೋಚ ಬೇಡ. ಪಾಷಾಣದ ಐಸರ್‌ನಲ್ಲಿ ಹಸಿವು ಮತ್ತು ಮಿದುಳಿನ ಮೇಲೆ ಈ ಮೀನಿನಲ್ಲೇ ಕೆಲಸ ನಡೆದಿದೆ. ಕಾರ್ಟ್ ಎಂಬ ನ್ಯೂರೋಪೆಪ್ಟೈಡಿನ ನಾಲ್ಕು ಜೀನುಗಳು ಹಸಿದಾಗ, ಹೊಟ್ಟೆ ತುಂಬಿದಾಗ ಹೇಗೆ ಬದಲಾಗುತ್ತವೆ ಎಂದು 2014ರಲ್ಲಿ ಪ್ರಕಟಿಸಿದರು. ಆಘಾರಕರ್ ಸಂಸ್ಥೆಯವರು ಗಾಯಗೊಂಡ ಹೃದಯ ಮತ್ತೆ ಬೆಳೆಯುವುದರ ಮೇಲೆ 2021ರಲ್ಲಿ ಬರೆದಿದ್ದಾರೆ. ನಿನ್ನ ವಿಷಯ ಬೇರೆಯಾದರೂ ನೀರು, ರೋಗ, ತಳಿ ಕಾಪಾಡುವ ಕಷ್ಟ ಎಲ್ಲರದ್ದೂ ಒಂದೇ. ಮರಾಠಿ ಕಲಿತುಕೋ, ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

• ಎಥಿಕ್ಸ್ ಸಮಿತಿಯ ಫಾರ್ಮಿನಲ್ಲಿ ತಳಿಯ ಹೆಸರು, ಮೂಲ, ವಯಸ್ಸು ಬರೆ. ‘ಮೀನಿಗೆಲ್ಲ ಅನುಮತಿ ಯಾಕೆ’ ಅನ್ನುವವರು ಇಂದಿಗೂ ಸಿಗುತ್ತಾರೆ, ಅವರ ಮಾತು ಕೇಳಬೇಡ. ಬೆನ್ನೆಲುಬಿರುವ ಪ್ರಾಣಿ, 1960ರ ಕಾಯ್ದೆಯ ಕೆಳಗೆ ಬರುತ್ತದೆ. ಎರಡನೇ ತಳಿ ಸೇರಿಸಿದರೆ ಮೀನು ಹೆಚ್ಚು ಬೇಕಾಗುತ್ತದೆ ಎಂದು ಸಮಿತಿ ಆಕ್ಷೇಪಿಸಬಹುದು. ಒಂದೇ ತಳಿಯ ಫಲವನ್ನು ಇನ್ನೊಂದರಲ್ಲಿ ನೋಡದೆ ಪ್ರಕಟಿಸಿ, ಆಮೇಲೆ ನಾಲ್ಕು ಲ್ಯಾಬಿನವರು ಅದನ್ನು ಮತ್ತೆ ಮಾಡಿ ವಿಫಲರಾದರೆ ಸಾಯುವ ಮೀನು ಎಷ್ಟು ಎಂದು ಲೆಕ್ಕ ಹಾಕಿ ತೋರಿಸು.

• ಮೀನಿನಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಚ್ಚುವಾಗ ನಿಧಾನ. ನಮ್ಮಲ್ಲೂ ‘ತಳಿ’ ಕೆಲಸ ಮಾಡುತ್ತದೆ. ಆಪರೇಷನ್ನಿನಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಹೆಚ್ಚಿನವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಅದನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ, ತಾಸುಗಟ್ಟಲೆ ಉಸಿರಾಟದ ಯಂತ್ರದ ಮೇಲೆ ಇಡಬೇಕಾಗುತ್ತದೆ. ತಿಳಿದ ಅರಿವಳಿಕೆ ವೈದ್ಯರು ಮೊದಲೇ ಕೇಳುತ್ತಾರೆ. ನಿನ್ನ ಮೀನು ಹೇಳಬಹುದಾದ ಸತ್ಯ ಇಷ್ಟು: ಈ ಔಷಧದ ಫಲ ವಂಶವಾಹಿಯ ಮೇಲೆ ನಿಂತಿದೆ, ಇಂಥ ಜೀನಿನಲ್ಲಿ ಹುಡುಕಿ. ‘ಜೀಬ್ರಾಮೀನಿನ ಆತಂಕ ಗುಣಪಡಿಸಿದ ಮೂಲಿಕೆ’ ಎಂದು ಪೇಪರಿನವರಿಗೆ ಹೇಳಿಕೆ ಕೊಡಬೇಡ. ಮರುದಿನವೇ ನಿಮ್ಮಮ್ಮ ಫೋನು ಮಾಡಿ ಆ ಮೂಲಿಕೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾಳೆ.

• ಪ್ರಬಂಧದ ವಿಧಾನದ ಭಾಗದಲ್ಲಿ ಹೀಗೆ ಬರೆಯುವುದು ರೂಢಿಯಾಗಲಿ: ತಳಿ ಯಾವುದು, ಯಾರಿಂದ ಯಾವ ವರ್ಷ ತಂದದ್ದು, ಇಲ್ಲಿ ಎಷ್ಟನೇ ತಲೆಮಾರು, ಎಷ್ಟು ಜೋಡಿಗಳ ಮರಿ, ಲಿಂಗ, ವಯಸ್ಸು, ಲೀಟರಿಗೆ ಎಷ್ಟು ಮೀನು, ನೀರಿನ ಗುಣ, ಪರೀಕ್ಷೆಯ ಹೊತ್ತು. ಅಂಗಡಿಯ ಮೀನಾದರೆ ಅಂಗಡಿಯ ಮೀನು ಎಂದೇ ಬರೆ. ನಾಚಿಕೆಯೇನಿಲ್ಲ.

• ಕೆಲಸ ಮುಗಿದು ಉಳಿದ ಮೀನನ್ನು ‘ಪಾಪ, ಬದುಕಲಿ’ ಎಂದು ಪಾಷಾಣ ಕೆರೆಗೋ ಮುಠಾ ನದಿಗೋ ಬಿಡಬೇಡ. ಜೀನ್ ಬದಲಿಸಿದವನ್ನು ಬಿಡುವುದು ಕಾನೂನಿಗೆ ವಿರುದ್ಧ. ಬದಲಿಸದವೂ ಲ್ಯಾಬಿನ ರೋಗ ಹೊತ್ತಿರುತ್ತವೆ, ಆರೆಗಾನ್‌ನಲ್ಲಿ ಪಳಗಿದ ಜೀನುಗಳನ್ನು ಇಲ್ಲಿಯ ನೀರಿಗೆ ತರುತ್ತವೆ. ಆರೋಗ್ಯವಾಗಿರುವ, ಔಷಧ ಮುಟ್ಟದ ಮೀನುಗಳನ್ನು ಸಮಿತಿಯ ಒಪ್ಪಿಗೆಯೊಂದಿಗೆ ಇನ್ನೊಂದು ಲ್ಯಾಬಿಗೆ ಕೊಡು, ವಂಶಾವಳಿಯ ಪುಸ್ತಕದ ಝೆರಾಕ್ಸ್ ಸಮೇತ. ಔಷಧ ಕೊಟ್ಟವನ್ನು ಸಮಿತಿ ಒಪ್ಪಿದ ಕ್ರಮದಲ್ಲಿ ಅರಿವಳಿಕೆ ಹೆಚ್ಚು ಕೊಟ್ಟು ಮುಗಿಸು. ಆ ನೀರನ್ನೂ ನೇರ ಸಿಂಕಿಗೆ ಚೆಲ್ಲಬೇಡ, ಇದ್ದಿಲಿನಲ್ಲಿ ಸೋಸಿ ಆಮೇಲೆ ಬಿಡು.